ಬಾನಿ ಏಳುವವರೆಗೆ

ಅದು ನಿಜವೇ ಇರಬಹುದು. ಅಥವಾ ನಿಜವಾಗಿರಲಿ ಎಂದು ತನಗೆ ಬೇಕಾಗಿದ್ದರಿಂದ ನಿಜದ ಹಾಗೆ ಕಾಣುತ್ತಿರಬಹುದು. ಇವೆರಡರ ನಡುವಿನ ಗೆರೆ ಎಲ್ಲಿದೆಯೆಂದು ಸುಧನ್ವನಿಗೆ ತಿಳಿಯುತ್ತಿರಲಿಲ್ಲ. ಯಂತ್ರದ ಪರದೆಯ ಮೇಲೆ ಒತ್ತಡದ ರೇಖೆ ಮೆಲ್ಲಗೆ ಏರಿತ್ತು. ಏರಿ ಒಂದು ಮಟ್ಟಕ್ಕೆ ಬಂದಾಗ ಮಂಚದ ಮೇಲೆ ಮಲಗಿದ್ದ ಮನುಷ್ಯ "ಬಂತ್ರಿ" ಎಂದಿದ್ದ. ನಿನ್ನೆಯೂ ಹಾಗೆಯೇ ಹೇಳಿದ್ದ, ಮೊನ್ನೆಯೂ ಹೇಳಿದ್ದ. ಒಮ್ಮೆಯೂ ಹೊತ್ತು ತಪ್ಪಿರಲಿಲ್ಲ. ತಪ್ಪದೇ ಇರುವುದನ್ನೇ ಅನುಮಾನಿಸುವುದು ವಿಜ್ಞಾನವೋ ತನ್ನ ಸ್ವಭಾವದ ದೋಷವೋ?

ಅನುಮಾನಕ್ಕೆ ಇನ್ನೊಂದು ಕಾರಣವೂ ಇತ್ತು. ಉಚ್ಚೆಗೆ ಅವಸರವಾದ ಮನುಷ್ಯನ ಕಾಲ್ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ, ಮಂಡಿಗಳು ಹತ್ತಿರವಾಗುತ್ತವೆ. ಮಕ್ಕಳಲ್ಲಿ ಇದು ಎದ್ದು ಕಾಣುತ್ತದೆ. ದೊಡ್ಡವರು ಮುಖದಲ್ಲಿ ಮುಚ್ಚಿಟ್ಟರೂ ಪಾದ ಮುಚ್ಚಿಡುವುದಿಲ್ಲ. ಈ ಮನುಷ್ಯನ ಪಾದಗಳು ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳ ಹಾಗೆ ಸುಮ್ಮನೆ ಬಿದ್ದಿದ್ದವು.

"ಬಂತು ಅಂದ್ರೆ ಹೇಗೆ ಬಂತು, ಚನಮಲ್ಲಪ್ಪನವರೇ? ಸ್ವಲ್ಪ ಬಿಡಿಸಿ ಹೇಳಿ."

"ಏನಂತ ಬಿಡಿಸಿ ಹೇಳ್ಲಿ ತಮ್ಮಾ? ಉಚ್ಚಿ ಬಂದದ್ದನ್ನ ನೀವು ಯಾರ ಮುಂದರ ವರ್ಣನಾ ಮಾಡೀರೇನು?"

ನಳಿಕೆ ಹಿಡಿದಿದ್ದ ನರ್ಸ್ ನಕ್ಕಳು. ಸುಧನ್ವನೂ ನಕ್ಕ. ನಗುತ್ತಲೇ ಪಂಪು ನಿಲ್ಲಿಸಿದ.

ಧಾರವಾಡದ ಹೊರಗೆ ಕಲ್ಲುಗುಡ್ಡವನ್ನು ಸಮ ಮಾಡಿ ಕಟ್ಟಿದ ಪುನರಂಗ ಕೇಂದ್ರದ ಎರಡನೆಯ ಮಹಡಿ ಅದು. ಆ ಕಾಲಕ್ಕೆ ಚರ್ಮ, ಎಲುಬು, ಯಕೃತ್ತಿನ ತುಂಡು ಬೆಳೆಸುವುದು ಸುದ್ದಿಯಾಗಿ ಉಳಿದಿರಲಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲೂ ಆಗುತ್ತಿತ್ತು. ಮೂತ್ರಕೋಶ ಮಾತ್ರ ಹಠ ಹಿಡಿದಿತ್ತು. ಪೂರ್ತಿ ಕತ್ತರಿಸಿ ತೆಗೆದರೆ ಅದು ಮತ್ತೆ ಬರುತ್ತಿರಲಿಲ್ಲ. ಆದರೆ ಮೂತ್ರಪಿಂಡಗಳಿಂದ ಇಳಿದು ಬರುವ ಎರಡು ನಾಳಗಳು ಕೂಡುವ ಜಾಗದಲ್ಲಿ, ಬುಡದ ಒಂದು ಚೂರನ್ನು ಉಳಿಸಿದರೆ, ಅದರ ಸುತ್ತ ರೇಷ್ಮೆಯ ಸತ್ವದಿಂದ ನೆಯ್ದ ಜಾಲರಿಯೊಂದನ್ನು ಹೊಲಿದರೆ, ಜೀವಕೋಶಗಳು ಚಪ್ಪರಕ್ಕೆ ಬಳ್ಳಿ ಹಬ್ಬಿದಂತೆ ಮೇಲೆ ಹತ್ತುತ್ತಿದ್ದವು. ಮೊದಲು ಇಲಿಗಳಲ್ಲಿ ಹತ್ತಿದವು, ಆಮೇಲೆ ಕುರಿಗಳಲ್ಲಿ. ಚನಮಲ್ಲಪ್ಪ ನೀಲಗಾರ ಮೊದಲ ಮನುಷ್ಯ. ಅವನ ಹೊಟ್ಟೆಯೊಳಗೆ ಈಗ ಒಂದು ಚೀಲವಿತ್ತು. ಅದರ ಗೋಡೆ ಗಟ್ಟಿಯಾಗಿತ್ತು, ರಕ್ತ ಹರಿಯುತ್ತಿತ್ತು. ಅಷ್ಟರಲ್ಲಿ ಸಂಶಯವಿರಲಿಲ್ಲ.

ಚೀಲ ಬೆಳೆಸುವುದು ಸುಲಭ. ತುಂಬಿದ್ದೇನೆ ಎಂದು ಹೇಳುವ ಚೀಲ ಬೆಳೆಸುವುದು ಕಷ್ಟ. ನರಗಳು ಕೊನೆಗೆ ಬರುತ್ತವೆ, ಕೆಲವೊಮ್ಮೆ ಬರುವುದೇ ಇಲ್ಲ. ನರ ಬಾರದ ಚೀಲಕ್ಕೆ ಮೂತ್ರ ಬಿಟ್ಟರೆ ಅದು ಸದ್ದಿಲ್ಲದೆ ಹಿಗ್ಗಿ, ಹಿಗ್ಗಲಾರದೆ, ನೀರನ್ನು ಹಿಂದಕ್ಕೆ ಮೂತ್ರಪಿಂಡಗಳಿಗೇ ತಳ್ಳುತ್ತದೆ. ನೋವು ತಿಳಿಯುವ ಹೊತ್ತಿಗೆ ಅವು ಉಳಿದಿರುವುದಿಲ್ಲ. ಅದಕ್ಕೇ ಈಗ ಅವನ ಮೂತ್ರ ಎರಡೂ ಪಕ್ಕೆಗಳಿಂದ ಹೊರಬಂದ ಸಣ್ಣ ಕೊಳವೆಗಳ ಮೂಲಕ, ಸೊಂಟಕ್ಕೆ ಕಟ್ಟಿದ ಚೀಲಗಳಿಗೆ ಇಳಿಯುತ್ತಿತ್ತು. ಹೊಸ ಕೋಶಕ್ಕೆ ಪ್ರತಿದಿನ ಉಪ್ಪುನೀರು ತುಂಬಿಸಿ, ತೆಗೆದು, ಅದನ್ನು ಪಳಗಿಸುತ್ತಿದ್ದರು. ಉಚ್ಚೆಯ ಕರೆ ಬರತೊಡಗಿದೆ ಎಂದು ಖಾತ್ರಿಯಾದ ದಿನ ಕೊಳವೆ ಮುಚ್ಚಬೇಕು. ನರಕ್ಕೆ ಸುತ್ತಿದ ಕೂದಲೆಳೆಯ ತಂತಿಯೊಂದು ಏನನ್ನೋ ಬರೆಯುತ್ತಿತ್ತಾದರೂ ಅದು ಬರಹವೋ ಬರಿಯ ನಡುಕವೋ ಓದಲಾಗುತ್ತಿರಲಿಲ್ಲ. ಕರೆ ಬಂತೆಂದು ಹೇಳಬೇಕಾದವನು ಆ ಮನುಷ್ಯನೊಬ್ಬನೇ.

ನಿಯಮದ ಪ್ರಕಾರ ಮಂಚಕ್ಕೂ ಯಂತ್ರಕ್ಕೂ ನಡುವೆ ಬಟ್ಟೆಯ ಮರೆ ಇರಬೇಕಿತ್ತು. ಮೊದಲ ವಾರ ಇತ್ತು. ಆಗ ಚನಮಲ್ಲಪ್ಪ ಏನನ್ನೂ ಹೇಳುತ್ತಿರಲಿಲ್ಲ. ಒಂದು ದಿನ, "ಇದನ್ನ ಸರಸ್ರಿ ತಮ್ಮಾ, ಗೋರಿ ಒಳಗ ಇದ್ದಾಂವನ ಜೋಡಿ ಮಾತಾಡಿದಂಗ ಆಕ್ಕೈತಿ" ಎಂದ. ಸುಧನ್ವ ಸರಿಸಿದ. ಅದಾದ ಮೇಲೆ ಇಬ್ಬರಿಗೂ ಮಾತು ಬೆಳೆಯಿತು. ಸುಧನ್ವನಿಗೆ ಮಾತು ಬೆಳೆಯುವವರು ಕಡಿಮೆ. ತುಮಕೂರಿನ ಮನೆಯಲ್ಲೂ, ಓದಿದ ಕಡೆಯೂ, ಅವನು ಇದ್ದಾನೆಂಬುದು ಅವನು ಎದ್ದು ಹೋದ ಮೇಲೆ ಜನರಿಗೆ ಗೊತ್ತಾಗುತ್ತಿತ್ತು. ಈ ನೀಲಗಾರ ಮಾತ್ರ ಅವನು ಒಳಗೆ ಬಂದ ಕೂಡಲೇ, "ಬಂದ ನೋಡು ನಮ್ಮ ಮೌನೇಶ್ವರ" ಎನ್ನುತ್ತಿದ್ದ.

ಬೆಳಗಿನ ಸಭೆಯಲ್ಲಿ ಡಾ. ಮಾಬೆನ್ ಕನ್ನಡಕ ಹಣೆಗೆ ಏರಿಸಿಕೊಂಡು ಕೂತಿದ್ದರು. ಶಸ್ತ್ರಚಿಕಿತ್ಸೆ ಮಾಡಿದವರು ಅವರು; ಆಮೇಲಿನ ಪರೀಕ್ಷೆಗಳ ಹೊಣೆ ಸುಧನ್ವನದು. ಅರವತ್ತರ ಹತ್ತಿರದ ಹೆಂಗಸು, ಧಾರವಾಡದ ಹಳೆಯ ಕ್ರೈಸ್ತ ಮನೆತನದವರು, ಬೇಡದ ಒಂದು ಶಬ್ದವನ್ನೂ ಆಡುವವರಲ್ಲ.

"ಬರ್ಲಿಕ್ಕತ್ತದೇನು?"

"ಬರ್ತಿದೆ ಅಂತಾರೆ ಮೇಡಂ."

"ಅವರಂತಾರ. ನೀ ಏನಂತಿ?"

ಸುಧನ್ವ ಕಾಲ್ಬೆರಳುಗಳ ವಿಷಯ ಹೇಳಬೇಕೆಂದುಕೊಂಡ. ಅದು ಬಾಯಿಗೆ ಬರುವ ಹೊತ್ತಿಗೆ ಬಾಲಿಶವೆನಿಸಿತು. "ಇನ್ನೂ ಸ್ವಲ್ಪ ನೋಡೋಣ" ಎಂದ.

"ಭಾಳ ನೋಡ್ಲಿಕ್ಕೆ ಆಗೂದಿಲ್ಲ. ಇನ್ನೂ ಮೂರು ಮಂದಿ ಹೊಟ್ಟಿಯೊಳಗ ಬುಡ ಉಳಿಸಿ ಹೊಲಿದು ಇಟ್ಟೀನಿ. ಆ ಬುಡ ಗಂಟುಗಟ್ಟಿತು ಅಂದ್ರ ಮುಗೀತು, ಮ್ಯಾಲೆ ಏನೂ ಹತ್ತೂದಿಲ್ಲ. ಚನಮಲ್ಲಪ್ಪಂದು ಆದ ಮ್ಯಾಲೇ ಅವರಿಗೆ ಜಾಲರಿ ಹಾಕ್ರಿ ಅಂತ ಪರವಾನಗಿ ಕೊಡೂ ದಿಲ್ಲಿಯವರು ಕುಂತಾರ." ಕನ್ನಡಕ ಇಳಿಸಿದರು. "ನೀ ಗುಳೇದಗುಡ್ಡಕ್ಕ ಹೋಗಿ ಅವರ ಮನಿ ನೋಡಿಕೊಂಡು ಬಾ. ಕೊಳವಿ ಮುಚ್ಚಿದ ಮ್ಯಾಲೆ ಹೆಂಗ ಇರ್ತಾರ, ಏನು ಅನುಕೂಲ ಅದ, ನೋಡು. ಬಂದು ಹೌದು ಅಂದ್ರ ಮುಚ್ಚತೀನಿ."

ಬಾದಾಮಿಯಲ್ಲಿ ಬಸ್ಸು ಬದಲಿಸುವಾಗ ಚಹಾದಂಗಡಿಯಲ್ಲಿ ಒಂದೇ ಮಾತು ನಡೆದಿತ್ತು. ಊರ ಹೊಂಡಕ್ಕೆ ಮೊಸಳೆ ಬಂದಿದೆಯಂತೆ, ಅರಿವೆ ಒಗೆಯುತ್ತಿದ್ದವಳ ಸೀರೆಯ ಸೆರಗು ಕಚ್ಚಿ ಎಳೆದಿದೆಯಂತೆ. ಅದಕ್ಕೆ ಮೂಗುತಿಯೂ ಇದೆ ಎಂದ ಒಬ್ಬ. ಇನ್ನೊಬ್ಬ ತಾನೇ ಕಂಡೆನೆಂದ. ಸುಧನ್ವ ಗುಳೇದಗುಡ್ಡ ಸೇರಿದಾಗ ಆ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಬಸ್ಸಿಳಿದ ಕೂಡಲೇ ಆಟೋದವನು ಅದನ್ನೇ ಹೇಳಿದ.

ನೂಲಿಗೆ ನೀಲಿ ಬಣ್ಣ ಕಟ್ಟುವ ನೀಲಗಾರರ ಓಣಿಯಲ್ಲಿ ಗೋಡೆಗಳ ಬುಡ ನೀಲಿಯಾಗಿತ್ತು. ಒಂದು ಕಾಲಕ್ಕೆ ಇಲ್ಲಿ ಎಲ್ಲರೂ ಡಬ್ಬಿಯಲ್ಲಿ ಬರುವ ರಾಸಾಯನಿಕ ಪುಡಿಬಣ್ಣಕ್ಕೆ ತಿರುಗಿದ್ದರು. ಚನಮಲ್ಲಪ್ಪನ ಪ್ರಾಯವೆಲ್ಲ ಆ ಡಬ್ಬಿಗಳ ಹಬೆಯಲ್ಲಿ ಕಳೆದಿತ್ತು. ಬಣ್ಣದ ಪಾತ್ರೆ ಕುದಿಯುವಾಗ ಎದ್ದು ಹೋಗುವಂತಿಲ್ಲ, ಹೋದರೆ ಬಣ್ಣ ಮಚ್ಚೆ ಬೀಳುತ್ತದೆ. ಆ ವಿಷ ಮೂತ್ರಕ್ಕೆ ಇಳಿದು, ಬಿಗಿಹಿಡಿದ ಕೋಶದಲ್ಲಿ ದಿನವಿಡೀ ನಿಂತಿರುತ್ತಿತ್ತು. ಪುಡಿಗಳನ್ನು ನಿಷೇಧಿಸಿದ ಮೇಲೆ ಓಣಿ ಮತ್ತೆ ಗಿಡದ ನೀಲಿಗೆ ಮರಳಿತು. ಅಷ್ಟರಲ್ಲಿ ಅವನ ಮೂತ್ರದಲ್ಲಿ ರಕ್ತ ಕಾಣಿಸಿಕೊಂಡಿತ್ತು.

ಅವನ ಹೆಂಡತಿ ಕಾಶವ್ವ ಪಡಸಾಲೆಯಲ್ಲಿ ಕಂಬಳಿ ಹಾಸಿದಳು. ಹಿತ್ತಲಲ್ಲಿ ಕುತ್ತಿಗೆಯವರೆಗೆ ನೆಲದಲ್ಲಿ ಹುಗಿದ ದೊಡ್ಡ ಬಾನಿಯನ್ನು ತೋರಿಸಿದಳು. ನೀಲಿ, ಸುಣ್ಣ, ಬೆಲ್ಲ, ತಗಚೆ ಬೀಜದ ಗಂಜಿ ಹಾಕಿ ಹುಳಿಗೆ ಬಿಟ್ಟರೆ, ಅದು ಉಸಿರಾಡಲು ತೊಡಗಿ, ಮೇಲೆ ತಾಮ್ರದ ಬಣ್ಣದ ನೊರೆ ಕಟ್ಟಬೇಕು. ಅದಕ್ಕೆ ಬಾನಿ ಏಳುವುದು ಎನ್ನುತ್ತಾರೆ. ಈ ಬಾನಿ ಎದ್ದಿರಲಿಲ್ಲ. ಕೆಸರಿನ ಹಾಗೆ ಸುಮ್ಮನಿತ್ತು.

"ಆತ ಹೋದಾಗಿಂದ ಹಿಂಗ ಕುಂತೈತಿ ನೋಡ್ರಿ. ಆತಂದ ಕೈ ಬೇಕು ಅದಕ್ಕ. ಆತ ಬಂದ್ರೂ ಮುಟ್ಟಂಗಿಲ್ಲ ಅಂತಾನ. ಕೊಳ್ಳಾಗ ಲಿಂಗ, ಸೊಂಟದಾಗ ಉಚ್ಚಿ ಚೀಲ, ಹೆಂಗ ಬಾನಿ ಮುಂದ ನಿಂದರ್ಲಿ ಅಂತಾನ. ಸ್ವಾಮಿಗೋಳು ಏನಾಗೂದಿಲ್ಲ ನಿಲ್ಲಪಾ ಅಂದ್ರು. ಆತ ಒಲ್ಲೆ ಅಂದ."

ಮಾತು ಬದಲಿಸಲೆಂದು ಸುಧನ್ವ, "ಬಾದಾಮಿ ಹೊಂಡಕ್ಕೆ ಮೊಸಳೆ ಬಂದಿದೆಯಂತಲ್ಲಮ್ಮ" ಎಂದ.

ಕಾಶವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ಎಪ್ಪಾ, ಅಲ್ಲೀತನಕ ಮುಟ್ಟೇತೇನ್ರಿ? ಅದು ನಮ್ಮ ಮೊಸಳಿ."

"ಅಂದ್ರೆ?"

"ಬಾನಿ ಏಳಲಿಲ್ಲಂದ್ರ ಒಂದು ಸುಳ್ಳ ಬಿಡೂದು, ನಮ್ಮ ನೀಲಗಾರ್ರಾಗ. ಹಿಂದಿಂದ ಬಂದ ಪದ್ಧತಿ. ಸಣ್ಣ ಸುಳ್ಳ ನಡಿಯೂದಿಲ್ಲ, ಊರ ತುಂಬ ಆಡೂವಂಥಾದ್ದ ಬೇಕು. ಮಂದಿ ಬಾಯಿ ಬಿಸಿ ಆದಂಗ ಬಾನಿ ಒಳಗೂ ಕಾವು ಏರ್ತೈತಿ. ಬಾನಿ ಏಳೂತನಕ ಸುಳ್ಳ ಬಿಟ್ಟಾಂವ ಅದನ್ನ ಸುಳ್ಳ ಅನ್ನಬಾರದು. ಅಂದ್ರ ಬಾನಿ ಸತ್ತ ಹೋತು. ಈ ಓಣ್ಯಾಗ ಯಾರರ ಬಡಾಯಿ ಕೊಚ್ಚಿದ್ರ, ಏನೋ, ನಿನ್ನ ಬಾನಿ ಕೆಟ್ಟೈತೇನು ಅಂತಾರ." ಮತ್ತೆ ನಕ್ಕಳು. "ಮೂಗುತಿ ನಾ ಹಾಕಿಲ್ಲರೆಪಾ. ಅದು ಬಾದಾಮಿಯವರದ ಕೆಲಸ."

ನಗು ತಾನಾಗಿ ಕಡಿಮೆಯಾಯಿತು. ಅವಳು ಬಾನಿಯ ಮುಚ್ಚಳ ಹಾಕಿ ಅದರ ಅಂಚನ್ನು ಸೆರಗಿನಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಎಪ್ಪಾ, ಒಂದ ಮಾತ ಹೇಳ್ತೀನಿ. ಹೇಳಬಾರದು. ಹೇಳಿದ್ರ ಏನಾಕ್ಕೈತಂತ ನನಗ ಗೊತ್ತೈತಿ. ಆದರ ನನ್ನ ಜೀವ ತಡೀವಲ್ದು." ಧ್ವನಿ ಇಳಿಸಿದಳು, ಬಾನಿಗೆ ಕೇಳಿಸಬಾರದೆಂಬಂತೆ. "ಆತನೂ ಒಂದು ಬಿಟ್ಟಾನ. ನಿಮ್ಮ ಮುಂದ."

"ಏನು?"

"ಬರ್ತೈತಿ ಅಂತಾನಲ್ರಿ ದಿನಾ. ಬರೂದಿಲ್ಲ. ಏನೂ ಗೊತ್ತಾಗೂದಿಲ್ಲಂತ. ಫೋನಿನ್ಯಾಗ ಸಣ್ಣಗ ಹೇಳಿದ, ನಾ ಬಿಟ್ಟೀನಿ, ನೀ ಬಾಯಿ ಬಿಡಬ್ಯಾಡ, ಡಾಕ್ಟರೆಲ್ಲಾ ನಂಬ್ಯಾರ, ಏಳ್ತೈತಿ ನೋಡು ಅಂತ. ಅದು ಎದ್ರ ಛಲೋನ ಆತು. ಏಳಲಿಲ್ಲಂದ್ರ? ನೀವು ಆ ಕೊಳವಿ ಮುಚ್ಚಿಬಿಟ್ರ?" ಅವನ ಮುಖ ನೋಡಿದಳು. "ನೀವು ಶಾಣ್ಯಾರು. ಏನರ ಮಾಡ್ರಿ. ನಾ ಹೇಳೀನಿ ಅಂತ ಮಾತ್ರ ಆತನ ಮುಂದ ಆಡಬ್ಯಾಡ್ರಿ."

ಮರಳುವ ಬಸ್ಸಿನಲ್ಲಿ ಸುಧನ್ವನಿಗೆ ಒಂದು ವಿಷಯ ಬಗೆಹರಿಯಲಿಲ್ಲ. ಏನೂ ತಿಳಿಯದವನು ಪ್ರತಿಸಲವೂ ಸರಿಯಾದ ಹೊತ್ತಿಗೆ ಹೇಗೆ ಹೇಳುತ್ತಾನೆ? ನೀರು ಎಷ್ಟು ಹೋಗಿದೆಯೆಂದು ಅವನಿಗೆ ಯಾರೂ ಹೇಳುವುದಿಲ್ಲ. ಯಂತ್ರದ ಮುಖ ಗೋಡೆಯ ಕಡೆಗಿದೆ. ಕಿಟಕಿಯಾಚೆ ಕತ್ತಲಾಗುತ್ತಿತ್ತು, ಗಾಜಿನಲ್ಲಿ ಅವನ ಪ್ರತಿಬಿಂಬ ಮೂಡಿತು. ಆ ಮುಖವನ್ನು ಅವನು ಬಹಳ ಹೊತ್ತು ನೋಡಿದ. ರೇಖೆ ಏರುವಾಗ ಈ ಮುಖ ಹೇಗಿರುತ್ತದೆ? ಮುಂದಕ್ಕೆ ಬಾಗುತ್ತದೆಯೇ, ಹುಬ್ಬು ಏರುತ್ತದೆಯೇ? ಆಸೆ ಮುಚ್ಚಿಡಲು ಅವನಿಗೆ ಬರುತ್ತಿತ್ತೆಂದು ಅವನು ಇಲ್ಲಿಯವರೆಗೆ ತಿಳಿದಿದ್ದ.

ಮರುದಿನ ನರ್ಸನ್ನು ಹೊರಗೆ ಕಳಿಸಿ ಅವನು ಬಟ್ಟೆಯ ಮರೆಯನ್ನು ಎಳೆದ.

"ಯಾಕ ತಮ್ಮಾ? ಮತ್ತ ಗೋರಿ ಕಟ್ಟಿದ್ರಿ?"

"ಸುಮ್ಮನೆ. ಬಂದಾಗ ಹೇಳಿ."

ಪಂಪಿನ ಸದ್ದು ಮಾಡಿಸಿದ, ನೀರು ಬಿಡಲಿಲ್ಲ. ಮರೆಯಾಚೆ ಮೌನವಿತ್ತು. ಇಷ್ಟು ದಿನ ತನಗೆ ಪ್ರಿಯವಾಗಿದ್ದ ಮೌನ ಇಷ್ಟು ಅಸಹ್ಯವಾಗಿರಬಲ್ಲದೆಂದು ಅವನಿಗೆ ಗೊತ್ತಿರಲಿಲ್ಲ. ಬಹಳ ಹೊತ್ತಾದ ಮೇಲೆ, ಪ್ರಶ್ನೆ ಕೇಳುವಂಥ ಧ್ವನಿಯಲ್ಲಿ, "ಬಂತ್ರಿ?" ಎಂದ ಚನಮಲ್ಲಪ್ಪ.

ಸುಧನ್ವ ಮರೆ ಸರಿಸಿದ.

"ನೀರೇ ಬಿಟ್ಟಿಲ್ಲ ಚನಮಲ್ಲಪ್ಪನವರೇ."

ಅವನು ತಲೆ ದಿಂಬಿಗೆ ಒತ್ತಿ ಸೂರು ನೋಡಿದ. "ಆಕಿ ಹೇಳಿದ್ಲೇನು?"

ಇಲ್ಲ ಎನ್ನಬಹುದಾಗಿತ್ತು. "ಹೌದು" ಎಂದ ಸುಧನ್ವ. ಯಾಕೆ ಹಾಗೆಂದನೋ, ಸಿಟ್ಟಿಗೋ, ಒಮ್ಮೆಯಾದರೂ ನಿಜ ಹೇಳಿಬಿಡಬೇಕೆಂಬ ಚಪಲಕ್ಕೋ, ಅವನಿಗೇ ಗೊತ್ತಾಗಲಿಲ್ಲ.

"ಬಾಯಿ ಬಿಟ್ಟಳಲ್ಲ" ಎಂದ ಚನಮಲ್ಲಪ್ಪ, ತನಗೆ ತಾನೇ.

"ಇದು ಬಾನಿ ಅಲ್ಲ. ಕೊಳವೆ ಮುಚ್ಚಿದ ಮೇಲೆ ಕರೆ ಬರಲಿಲ್ಲ ಅಂದ್ರೆ ಎರಡೂ ಕಿಡ್ನಿ ಹೋಗುತ್ತೆ."

"ಗೊತ್ತೈತಿ. ಹೇಳೀರಿ."

"ಮತ್ತೆ?"

"ಮತ್ತೇನು? ನಮ್ಮಪ್ಪ ಒಂದು ಬಾನಿಗೆ ತಿಂಗಳಗಟ್ಟಲೆ ಕಾದಿದ್ದ. ಸತ್ತೈತಿ ಚೆಲ್ಲು ಅಂದ್ರು ಎಲ್ಲಾರೂ. ಆತ ಊರಾಗೆಲ್ಲಾ ಎದ್ದೈತಿ ಎದ್ದೈತಿ ಅಂದಕೋಂತ ಅಡ್ಡಾಡಿದ. ಎದ್ದಿತು. ನಾ ಕಣ್ಣಾರೆ ಕಂಡೀನಿ ತಮ್ಮಾ, ತಾಮ್ರದ ತಾಟಿನಂಗ ಆಗಿತ್ತು ಮುಖ. ಒಳಗಿನ ಜೀವಕ್ಕ ಗೊತ್ತಿರೂದಿಲ್ಲ ತಾ ಎದ್ದೀನೋ ಇಲ್ಲೋ ಅಂತ. ಹೊರಗಿನವರು ಹೇಳಬೇಕಾಕ್ಕೈತಿ. ನೀವು ನಂಬಿದ್ರಿ, ದೊಡ್ಡ ಡಾಕ್ಟರಮ್ಮ ನಂಬ್ಯಾರ. ಇಷ್ಟ ಮಂದಿ ನಂಬಿದ್ಮ್ಯಾಲ ಅದು ಏಳ್ತೈತಿ." ಸೊಂಟದ ಚೀಲದ ಮೇಲೆ ಕೈಯಿಟ್ಟ. "ಇನ್ನೊಂದ ಸ್ವಲ್ಪ ದಿನ ನೀವು ಬಾಯಿ ಕಟ್ಟಿಕೊಳ್ರಿ. ಅಷ್ಟ ಸಾಕು. ನಿಮಗ ಅದು ಬರ್ತೈತೆಲ್ಲ."

ಆ ಕೊನೆಯ ಮಾತನ್ನು ಅವನು ಹಂಗಿಸಲು ಆಡಿರಲಿಲ್ಲ.

ಚನಮಲ್ಲಪ್ಪನನ್ನು ವಾರ್ಡಿಗೆ ಕರೆದೊಯ್ದ ಮೇಲೆ ಸುಧನ್ವ ನರದ ತಂತಿಯ ರೇಖೆಯನ್ನು ತೆರೆದು ನೋಡಿದ. ಎಲ್ಲ ದಿನಗಳಂತೆಯೇ ಸಣ್ಣ ನಡುಕ. ಆದರೆ "ಬಂತ್ರಿ" ಎಂದ ಕ್ಷಣದ ನಂತರ ಒಂದು ಕಡೆ, ನೀರೇ ಇಲ್ಲದಿದ್ದಾಗ, ಒಂದು ಮುಳ್ಳು ಎದ್ದಿತ್ತು. ಅದನ್ನು ಹಿಗ್ಗಿಸಿದ. ಇನ್ನೂ ಹಿಗ್ಗಿಸಿದ. ಹಿಗ್ಗಿಸುತ್ತ ಹೋದಂತೆ ಅದಕ್ಕೊಂದು ಆಕಾರ ಬಂತು. ಮೆದುಳು ಕೋಶವನ್ನು ಹುಡುಕುತ್ತಿದೆಯೇ? ಬೇಕೆಂದು ಬಯಸುವುದೇ ನರವನ್ನು ಕರೆಯುವುದಾದರೆ? ಪಾರ್ಶ್ವವಾಯುವಿನವರ ಕೈ ಹಾಗೆ ಮರಳಿದ್ದುಂಟು. ಅಸಾಧ್ಯವೆಂದು ಯಾರೂ ಸಾಧಿಸಿಲ್ಲ. ಹೊರಗೆ ಕಾರಿಡಾರಿನಲ್ಲಿ, ಬುಡ ಉಳಿಸಿಕೊಂಡು ಕಾಯುತ್ತಿದ್ದ ಮೂವರಲ್ಲಿ ಒಬ್ಬಳು, ಚೀಲ ಕಾಣದಂತೆ ಶಾಲು ಹೊದ್ದು ಕೂತಿದ್ದಳು. ಅವನು ಅವಳ ಮುಂದೆ ಹಾದುಹೋಗುವಾಗ ಎದ್ದು ನಿಂತು ನಮಸ್ಕಾರ ಮಾಡಿದಳು.

ಸಭೆಯಲ್ಲಿ ಡಾ. ಮಾಬೆನ್ ಕೇಳಿದರು. "ಮನಿ ನೋಡಿದಿ?"

"ನೋಡಿದೆ. ಸ್ವಚ್ಛವಾಗಿದೆ. ಹೆಂಡತಿ ಚೆನ್ನಾಗಿ ನೋಡ್ಕೋತಾರೆ."

"ಮತ್ತ? ಹೌದೋ ಅಲ್ಲೋ?"

ಸುಧನ್ವ ಮೇಜಿನ ಮೇಲಿನ ತನ್ನ ಕೈಗಳನ್ನು ನೋಡುತ್ತಿದ್ದ. ಅವನು ಹೌದೆನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ. ಡಾ. ಮಾಬೆನ್ ಅವನನ್ನು ಬಹಳ ವರ್ಷಗಳಿಂದ ಬಲ್ಲವರು. ಅವನು ಸುಮ್ಮನಿದ್ದರೆ ಒಪ್ಪಿದ್ದಾನೆ ಎಂದೇ ಅವರ ಲೆಕ್ಕ. ಕನ್ನಡಕ ಹಣೆಗೇರಿಸಿ, "ಛಲೋ ಆತು, ಮುಚ್ಚೋಣ" ಎಂದರು.

ಕೊಳವೆ ಮುಚ್ಚಿದ ದಿನ ಚನಮಲ್ಲಪ್ಪ ಹೊಸ ಧೋತರ ಉಟ್ಟು ಆಸ್ಪತ್ರೆಯ ಅಂಗಳದಲ್ಲಿ ಒಂದು ಸುತ್ತು ಬಂದ. ಸೊಂಟದಲ್ಲಿ ಏನೂ ಇರಲಿಲ್ಲ. ಅವನಿಗೆ ಹೇಳಿ ಕಳಿಸಿದ ನಿಯಮ ಒಂದೇ: ಗಡಿಯಾರ ನೋಡಿ ಹೋಗಬಾರದು, ಕರೆ ಬಂದಾಗಲೇ ಹೋಗಬೇಕು. ಕುರಿಗಳಲ್ಲಿ ಕಂಡುಕೊಂಡ ಸತ್ಯ ಅದು. ಕರೆಯುವ ಮೊದಲೇ ಖಾಲಿ ಮಾಡಿದರೆ ಹೊಸ ನರ ಸೋಮಾರಿಯಾಗಿ ಒಣಗುತ್ತದೆ. ಕರೆ ಕೇಳಬಲ್ಲ ಮನುಷ್ಯನಿಗೆ ಅದು ಒಳ್ಳೆಯ ನಿಯಮ.

ಸುಧನ್ವ ಆಗಾಗ ಫೋನು ಮಾಡುತ್ತಿದ್ದ.

"ಹೇಗಿದೆ?"

"ಛಲೋ ಬರ್ತೈತ್ರಿ. ಮುಂಜಾನೆ ಬರ್ತೈತಿ, ಸಂಜಿಮುಂದ ಬರ್ತೈತಿ."

"ನಿಜ ಹೇಳಿ ಚನಮಲ್ಲಪ್ಪನವರೇ. ನನ್ನ ಹತ್ರ ಹೇಳಬಹುದು."

"ಖರೇನ ಹೇಳಾಕತ್ತೀನಿ ತಮ್ಮಾ. ಬಾನಿ ಮುಂದ ನಿಂತೀನಿ ಈಗ. ಬಾಯಿ ತಿರುವೂದಿಲ್ಲ ನಾ."

ಬಾನಿ ಏಳುವವರೆಗೆ ಸುಳ್ಳು ಬಿಟ್ಟವನು ಅದನ್ನು ಸುಳ್ಳು ಎನ್ನುವಂತಿಲ್ಲ; ಅವನ ಉತ್ತರದಲ್ಲೇ ಎಲ್ಲ ಇತ್ತು. ಪ್ರತಿಸಲ ಫೋನು ಇಟ್ಟ ಮೇಲೆ ಸುಧನ್ವ, ನಾಳೆ ಮೇಡಂಗೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ನಾಳೆ ಬಂದಾಗ, ಈಗ ಹೇಳಿದರೆ ಆಗಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ ಎಂದು ಸುಮ್ಮನಾಗುತ್ತಿದ್ದ. ದಿನ ಕಳೆದಂತೆ ಆ ಪ್ರಶ್ನೆ ದೊಡ್ಡದಾಗುತ್ತ ಹೋಯಿತು. ಕೊನೆಗೆ ಅವನು ಫೋನು ಮಾಡುವುದನ್ನೇ ಬಿಟ್ಟ.

ಗುಳೇದಗುಡ್ಡದಲ್ಲಿ ಏನಾಯಿತೆಂಬುದನ್ನು ಆಮೇಲೆ ಕಾಶವ್ವ ಹೇಳಿದಳು. ಅವನು ಕರೆಗೆ ಕಾಯುತ್ತಿದ್ದ. ಸುಳ್ಳು ತನ್ನ ಕೆಲಸ ಮಾಡಿ ಮುಗಿಸಿದೆ, ಇನ್ನು ನಿಜವಾದದ್ದು ಬರಬೇಕು ಎಂದು ಬಾನಿಯ ಮುಂದೆ ಕೂತು ಕಾಯುತ್ತಿದ್ದ. ಹಳೆಯ ಕಾಲದಲ್ಲಿ ಬಣ್ಣ ಕುದಿಯುವಾಗ ಹಿಡಿದುಕೊಂಡು ಕೂರುತ್ತಿದ್ದನಲ್ಲ, ಕೂರುವುದು ಅವನಿಗೆ ಹೊಸದಾಗಿರಲಿಲ್ಲ. ಹೊಟ್ಟೆ ಬಿಗಿದುಕೊಂಡು ತಾನಾಗಿ ಸೋರಿದಾಗ, "ಹಾಂ, ಬಂತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಎದ್ದು ಹೋಗುತ್ತಿದ್ದ. ಚಳಿ ಬಂದಾಗ ಹವಾ ಬದಲಾಗೈತಿ ಎಂದ. ಬೆನ್ನು ನೋಯುತ್ತಿದೆ ಎಂದು ಮಾತ್ರ ಒಮ್ಮೆ ಹೇಳಿದ. ಒಂದು ಮುಂಜಾನೆ ಹೆಂಡತಿಯ ಗುರುತು ಹತ್ತದೆ, "ಯಾರವ್ವಾ ನೀ?" ಎಂದ.

ಧಾರವಾಡಕ್ಕೆ ತರುವಷ್ಟರಲ್ಲಿ ಕೀವು ರಕ್ತಕ್ಕೆ ಸೇರಿತ್ತು. ಡಾ. ಮಾಬೆನ್ ಹೊಟ್ಟೆ ತೆರೆದರು. ಹೊಸ ಕೋಶ ಸೋರೆಕಾಯಿಯಂತೆ ಉಬ್ಬಿ, ಬೆಳ್ಳಗೆ, ನುಣ್ಣಗೆ ಕೂತಿತ್ತು; ನರದ ಎಳೆಯೊಂದೂ ಅದಕ್ಕೆ ಹಬ್ಬಿರಲಿಲ್ಲ. ಅದನ್ನು ತೆಗೆಯುವಾಗ ಅವರು ಅದನ್ನು ಅಂಗೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದರು.

"ಬೆಳೆದಿತ್ತು ನೋಡು. ಅದಂತೂ ಖರೆ" ಎಂದರು.

ಈ ಸಲ ಬುಡವನ್ನೂ ಉಳಿಸುವಂತಿರಲಿಲ್ಲ, ಅಲ್ಲೂ ಕೀವಿತ್ತು. ಅವನಿಗೆ ಮತ್ತೆಂದೂ ಅದು ಬೆಳೆಯುವುದಿಲ್ಲ. ಮೂತ್ರಪಿಂಡಗಳೂ ಉಳಿಯಲಿಲ್ಲ, ಸಾಯುವವರೆಗೆ ಯಂತ್ರ ಅವನ ರಕ್ತ ತೊಳೆಯಬೇಕು. ದಿಲ್ಲಿಯಿಂದ ಬಂದವರು ನಾಲ್ಕು ಪ್ರಶ್ನೆ ಕೇಳಿ ಪ್ರಯೋಗ ನಿಲ್ಲಿಸಿದರು. ಕಾಯುತ್ತಿದ್ದ ಮೂವರ ಬುಡ ಅವರವರ ಹೊಟ್ಟೆಯಲ್ಲೇ ಗಂಟುಗಟ್ಟಿತು. ಶಾಲು ಹೊದ್ದವಳು ಊರಿಗೆ ಹೋಗುವ ಮುನ್ನ ಎಲ್ಲರಿಗೂ ಪೇಡೆ ಕೊಟ್ಟಳು.

"ರೋಗೀನ ಸುಳ್ಳು ಹೇಳಿದ್ರ ನಾವು ಏನು ಮಾಡ್ಲಿಕ್ಕಾಗ್ತದ?" ಎಂದರು ಡಾ. ಮಾಬೆನ್. ಅವರು ಸುಧನ್ವನನ್ನು ಸಮಾಧಾನಪಡಿಸುತ್ತಿದ್ದರು.

ರಕ್ತ ತೊಳೆಯುವ ಕೋಣೆ ಕೆಳಗಿನ ಮಹಡಿಯಲ್ಲಿತ್ತು. ಸುಧನ್ವ ಅಲ್ಲಿಗೆ ಹೋಗದಿರಲು ಬಹಳ ದಿನ ಕಾರಣಗಳನ್ನು ಹುಡುಕಿದ. ಹೋದ ದಿನ ಮಧ್ಯಾಹ್ನ. ಚನಮಲ್ಲಪ್ಪ ಯಂತ್ರದ ಪಕ್ಕ ಮಲಗಿದ್ದ, ಮುಖ ಬೂದಿಯ ಬಣ್ಣಕ್ಕೆ ಬಂದಿತ್ತು. ಕಾಶವ್ವ ಕಾಲ ಬಳಿ ಸ್ಟೂಲಿನ ಮೇಲೆ ಕೂತಿದ್ದಳು. ಅವಳು ನೀರಿನ ಲೋಟ ಮುಂದೆ ಹಿಡಿದಳು. ಅವನು 'ಬೇಡ' ಎಂದು ಕೂಡ ಹೇಳದೆ ಮುಖ ತಿರುಗಿಸಿದ.

"ಬಾ ಮೌನೇಶ್ವರ" ಎಂದ ಸುಧನ್ವನಿಗೆ. ಅವನ ಕೈ ಹಿಡಿದುಕೊಂಡ. ಆ ಕೈ ತಣ್ಣಗಿತ್ತು. "ನಿಮ್ಮ ಋಣ ತೀರಸಾಕಾಗೂದಿಲ್ಲ ತಮ್ಮಾ. ಬ್ಯಾರೆ ಜಾತ್ಯಾವರಾದ್ರೂ ಬಾಯಿ ಕಟ್ಟಿ ಹಿಡಿದ್ರಿ. ನನ್ನ ಜೋಡಿ ಇಷ್ಟ ವರ್ಷ ಬಾನಿ ಮಾಡಿದಾಕಿ ಬಾಯಿ ಬಿಟ್ಟಳು. ಇನ್ನೇನು ಏಳಾಕತ್ತಿತ್ತು ಅದು. ನನಗ ಗೊತ್ತಾಗಾಕತ್ತಿತ್ತು."

ಕಾಶವ್ವ ಎದ್ದು ಹೊರಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಸುಧನ್ವ ಹೊರಬಂದಾಗ ಅವಳು ಕಿಟಕಿಯ ಬಳಿ ನಿಂತಿದ್ದಳು. ಉಗುರುಗಳ ಸಂದಿನಲ್ಲಿ ಇನ್ನೂ ನೀಲಿಯಿತ್ತು.

"ಆ ಚೀಲ ತೆಗದ ದಿನದಿಂದ ನನ್ನ ಜೋಡಿ ಮಾತು ಬಿಟ್ಟಾನ್ರಿ. ಊಟಕ್ಕ ನೀಡಿದ್ರ ಉಣ್ತಾನ. ಮಾತಿಲ್ಲ." ಅಳಲಿಲ್ಲ ಅವಳು. "ಸಿಟ್ಟಲ್ಲ ನನಗ. ಆತ ಅನ್ನೂದು ಖರೆ ಐತಿ. ನಾ ಹೇಳಬಾರದಿತ್ತು. ಅಂಜಿ ಹೇಳಿದೆ. ನಾ ಹೇಳಿದ ಮ್ಯಾಲೆ ನೀವು ನೋಡೇ ಇರ್ತೀರಿ, ಇಲ್ಲದ ಕೊಳವಿ ಮುಚ್ಚತಿರಲಿಲ್ಲ ನೀವು. ಅಂದ್ರ ಅಷ್ಟೊತ್ತಿಗೆ ಖರೇನ ಬರಾಕತ್ತಿತ್ತು, ಹೌದಿಲ್ರಿ?" ಅವನ ಮುಖವನ್ನೇ ನೋಡುತ್ತಿದ್ದಳು. "ಬರಾಕತ್ತಿದ್ದದ್ದು ನನ್ನ ಬಾಯಿಂದ ಹೋತೇನ್ರಿ ಎಪ್ಪಾ? ಅದೊಂದು ಹೇಳಿಬಿಡ್ರಿ. ಏನಿದ್ರೂ ತಡಕೋತೀನಿ."

ಒಳಗೆ ಯಂತ್ರ ಒಂದೇ ಸಮನೆ ತಿರುಗುತ್ತಿತ್ತು.

"ಊಟ ಆಯ್ತಾ ಅಮ್ಮ?" ಎಂದ ಸುಧನ್ವ. "ಕ್ಯಾಂಟೀನು ಮುಚ್ಚಿಬಿಡ್ತಾರೆ, ಬೇಗ ಹೋಗಿ."

ಅವಳು ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು, ಮೆಟ್ಟಿಲ ಕಡೆಗೆ ಹೋದಳು. ಮುಂದೆಯೂ ಅವಳು ಗಂಡನನ್ನು ಕರೆದುಕೊಂಡು ಬರುತ್ತಲೇ ಇದ್ದಳು. ಕಂಡಾಗಲೆಲ್ಲ ಅವನಿಗೆ ನಮಸ್ಕಾರ ಮಾಡುತ್ತಿದ್ದಳು, ಅವನೂ ಮಾಡುತ್ತಿದ್ದ.

ಕರೆ ಒಮ್ಮೆಯೂ ಬಂದಿರಲಿಲ್ಲ, ಬಂದಿಲ್ಲವೆಂದು ಗೊತ್ತಿದ್ದೂ ತಾನೇ ಸುಮ್ಮನಿದ್ದೆ ಎಂಬುದನ್ನು ಸುಧನ್ವ ಅವಳಿಗೆ ಹೇಳಲೇ ಇಲ್ಲ.